ಎದುರಾಳಿಯ ಗೋಲಿಗೆ ಹಾರ್ನ್

ಮೂರನೆಯ ಕ್ವಾರ್ಟರ್ ಮುಗಿಯುವ ಹೊತ್ತಿಗೆ ರೋವೆನಾಳ ಕಣ್ಣು ಆಟದ ಮೇಲಿರಲಿಲ್ಲ, ಅಪ್ಪನ ಎಡತೋಳಿನ ಮೇಲಿತ್ತು. ತಮ್ಮೂರು ಟಿಂಟಾಲಾದವರು ಗೋಲು ಹೊಡೆದಾಗಲೆಲ್ಲ, ಮೈದಾನದಂಚಿಗೆ ನಿಲ್ಲಿಸಿದ ಕಾರಿನಲ್ಲೇ ಕೂತ ಅಪ್ಪ ಕ್ಲೆಮ್ ಪಾಸ್ಕೋ ಅದೇ ಕೈಯಿಂದ ಹಾರ್ನ್ ಗುದ್ದುತ್ತಿದ್ದ.

"ಅಪ್ಪ, ಆ ಕೈ ಬೇಡ ಅಂತ ಎಷ್ಟು ಸಲ ಹೇಳ್ಬೇಕು?"

"ಬಲಗೈಯಲ್ಲಿ ಮಾಂಸದ ಪೈ ಇದೆಯಲ್ಲ."

"ಪೈ ನಂಗೆ ಕೊಡು."

"ಕೊಟ್ರೆ ವಾಪಸ್ ಬರುತ್ತಾ? ನಿಮ್ಮಮ್ಮನ ಮಗಳು ನೀನು."

ಆ ತೋಳಿನಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ವೈದ್ಯರು ಎರಡು ರಕ್ತನಾಳಗಳನ್ನು ಜೋಡಿಸಿ ಹೊಲಿದಿದ್ದರು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅಲ್ಲಿಗೇ ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಹರಿಸಿ, ತೊಳೆದು ವಾಪಸು ಬಿಡಬೇಕು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ರೋವೆನಾ ಮೆಲ್ಬರ್ನಿಗೆ ಹೋಗಿ ಆ ಕೆಲಸ ಕಲಿತು ಬಂದಿದ್ದಳು. ಯಂತ್ರ ಮನೆಯ ಹಿಂದಿನ ಕೋಣೆಯಲ್ಲೇ ಇತ್ತು. ಜೋಡಿಸಿದ ನಾಳ ವರ್ಷಗಳಲ್ಲಿ ಹಗ್ಗದಂತೆ ಉಬ್ಬಿ, ಒಂದು ಕಡೆ ಚರ್ಮ ತೆಳುವಾಗಿ ಹೊಳೆಯತೊಡಗಿತ್ತು. ಆ ಹೊಳಪಿನ ನಡುವೆ ಒಣಗಿದ ಸಣ್ಣ ಹಕ್ಕಳೆ. ಅದು ಕಿತ್ತುಬಂದರೆ ನಲ್ಲಿ ಒಡೆದ ಹಾಗೆ, ಹೆಬ್ಬೆರಳಿಟ್ಟು ಒತ್ತಿ ಹಿಡಿಯಿರಿ, ಸಹಾಯ ಬರುವವರೆಗೆ ಎತ್ತಬೇಡಿ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದಳು.

ಇವತ್ತು ಹಾರ್ಲೋ ಕ್ರೀಕ್ ಊರಿನೆದುರು ಸೆಮಿಫೈನಲ್; ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಕಾಲಿನಿಂದ ಒದೆಯುವ ಇಲ್ಲಿನ ಫುಟ್‌ಬಾಲ್. ಅದಕ್ಕೇ ಅಪ್ಪ ಹಟ ಹಿಡಿದು ಡಯಾಲಿಸಿಸ್ ಅನ್ನು ಬೆಳಗ್ಗೆಯೇ ಮುಗಿಸಿಕೊಂಡಿದ್ದ. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಔಷಧ ಇನ್ನೂ ಅವನ ಮೈಯಲ್ಲಿತ್ತು. ಗಾಯವಾದರೆ ರಕ್ತ ನಿಲ್ಲದೆಂಬ ಲೆಕ್ಕ ಅವಳ ತಲೆಯಲ್ಲಿ ಆಗಲೇ ಓಡುತ್ತಿತ್ತು.

ವಿರಾಮದಲ್ಲಿ ಪಕ್ಕದ ಗಾಡಿಯ ಮರ್ವ್ ಹೈನ್ರಿಕ್ ಬಂದು ಕಿಟಕಿಗೆ ಮೊಣಕೈ ಊರಿದ. ಕ್ಲೆಮ್‌ನ ಹಾಗೆ ಅವನದೂ ಗೋಧಿ ಹೊಲ. ಮೂವತ್ತು ವರ್ಷಗಳಿಂದ ಅವನ ಗಾಡಿ ನಿಲ್ಲುವುದು ಪಾಸ್ಕೋಗಳ ಕಾರಿನ ಪಕ್ಕದಲ್ಲೇ, ಬೇಲಿಗೆ ಮೂತಿ ಮಾಡಿ.

"ಏನಪ್ಪಾ ಕ್ಲೆಮ್, ತುದಿ ಬದಲಾಯ್ತು, ಗಾಳಿ ಇನ್ನು ನಮ್ ಕಡೆ. ಕ್ರೀಕ್‌ನೋರು ಈ ತುದೀಗೆ ಬಂದ್ರೆ ಕಕ್ಕಸಿಗೆ ಅಂತ್ಲೇ ಬರ್ಬೇಕು."

"ಬರ್ಲಿ ಬಿಡು. ಮೊದ್ಲು ನಿನ್ನ ಹೊಟ್ಟೆ ಪಕ್ಕಕ್ಕೆ ತಗೋ, ಅರ್ಧ ಮೈದಾನ ಮುಚ್ಚಿಹೋಗಿದೆ."

ಮರ್ವ್ ನಗುತ್ತ ಹೋಗಿ, ಅವರ ಕಾರಿನ ಬಾನೆಟ್ಟಿಗೂ ಬೇಲಿಗೂ ನಡುವೆ ತನ್ನ ಎಂದಿನ ಜಾಗದಲ್ಲಿ ನಿಂತ. ಅವನ ಎರಡೂ ಪಕ್ಕ ಊರಿಗೆ ಊರೇ ಬೇಲಿಗೆ ಆತುಕೊಂಡಿತು. ಚಳಿಗೆ ರೋವೆನಾ ಗಾಜು ಏರಿಸಿದಳು. ಹಿಂದೆ ಎರಡನೆಯ ಸಾಲಿನ ಕಾರುಗಳು ಒತ್ತಿ ನಿಂತಿದ್ದವು. ಆಟ ಮುಗಿದ ಸೈರನ್ ಆಗುವವರೆಗೆ ಇಲ್ಲಿಂದ ಒಂದು ಚಕ್ರವೂ ಕದಲುವಂತಿರಲಿಲ್ಲ.

ಹಾರ್ನ್‌ಗಳದ್ದೊಂದು ಕಟ್ಟಳೆಯಿತ್ತು. ಟಿಂಟಾಲಾ ಗೋಲು ಹೊಡೆದರೆ ಪಡುವಣ ಬದಿಯ ಕಾರುಗಳೆಲ್ಲ ಕೂಗಬೇಕು, ಹಾರ್ಲೋ ಕ್ರೀಕ್ ಹೊಡೆದರೆ ಮೂಡಣ ಬದಿಯವು. ಊರಿಗೆ ಹೊಸದಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬ ಕ್ರೀಕ್‌ನವರ ಗೋಲಿಗೆ ಮೆಚ್ಚಿ ಒಮ್ಮೆ ಹಾರ್ನ್ ಒತ್ತಿದ್ದ. ಮುಂದಿನ ಶನಿವಾರ ಅವನ ಕಾರಿಗೆ ಬೇಲಿಯ ಬದಿ ಜಾಗ ಸಿಗಲಿಲ್ಲ. ಅದರ ಮುಂದಿನ ಶನಿವಾರವೂ ಸಿಗಲಿಲ್ಲ.

ಕೊನೆಯ ಕ್ವಾರ್ಟರಿನ ಮೊದಲ ಗೋಲು ಟಿಂಟಾಲಾದ್ದೇ. ಗಾಳಿಗೆ ತೇಲಿದ ಚೆಂಡು ಆಚೆ ತುದಿಯ ಕಂಬಗಳ ನಡುವೆ ಹೋಯಿತು. ಬಿಳಿ ಕೋಟಿನ ಅಂಪೈರ್ ಗೋಲೆಂದು ಎರಡೂ ಬಾವುಟ ಬೀಸಿದ. ಕ್ಲೆಮ್ ಒಮ್ಮೆ ಗುದ್ದಿದ, ಇನ್ನೊಮ್ಮೆ ಗುದ್ದಿದ, ಮೂರನೆಯ ಸಲ ತೋಳು ಸ್ಟಿಯರಿಂಗಿನ ಅಂಚಿಗೆ ಉಜ್ಜಿಕೊಂಡು ಕೆಳಗೆ ಬಂತು.

"ಛೇ, ಸಾಸ್ ಚೆಲ್ಲಿಕೊಂಡೆ" ಎಂದ.

ಸಾಸ್ ಆಗಿದ್ದರೆ ಅದು ಗಾಜಿನ ಮೇಲೆ ಚಿಮ್ಮುತ್ತಿರಲಿಲ್ಲ.

ರೋವೆನಾ ಏನೂ ಯೋಚಿಸಲಿಲ್ಲ; ಅವಳ ಹೆಬ್ಬೆರಳು ತಾನಾಗಿ ಹೋಗಿ ತೂತಿನ ಮೇಲೆ ಕೂತಿತು. ಕೂತಿತು, ಜಾರಿತು, ಮತ್ತೆ ಕೂತಿತು. ರಕ್ತ ಬಿಸಿಯಾಗಿತ್ತು, ಎಣ್ಣೆಯಂತೆ ನುಣುಪಾಗಿತ್ತು. ಇನ್ನೊಂದು ಹೆಬ್ಬೆರಳನ್ನು ಮೊದಲನೆಯದರ ಮೇಲಿಟ್ಟು ಮೈಭಾರವನ್ನೆಲ್ಲ ಹಾಕಿದಾಗ ಚಿಮ್ಮುವುದು ನಿಂತು, ಅಂಚಿನಿಂದ ಸಣ್ಣಗೆ ಒಸರತೊಡಗಿತು. ಅಷ್ಟರಲ್ಲಿ ಅಪ್ಪನ ಮಡಿಲು, ಸೀಟು, ಕಾಲಡಿಯ ರಬ್ಬರ್ ಚಾಪೆ ಎಲ್ಲ ಕೆಂಪಾಗಿದ್ದವು.

"ಕೈ ಮೇಲೆ ಎತ್ತಿ ಹಿಡ್ಕೋ, ಅಪ್ಪ."

"ಎತ್ತಿದೀನಿ. ಎಷ್ಟು ಹೋಯ್ತು?"

"ಸ್ವಲ್ಪ" ಎಂದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಮರ್ವ್‌ನ ಬೆನ್ನು ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿತ್ತು. ಅವಳು ಕೂಗಿದಳು. ಗಂಟಲು ಹರಿಯುವಂತೆ ಕೂಗಿದಳು. ಹೊರಗೆ ಸಾವಿರಾರು ಜನ ಚೆಂಡಿನ ಹಿಂದೆ ಕೂಗುತ್ತಿದ್ದರು. ಗಾಜಿನ ಒಳಗಿನ ಒಂದು ಕೂಗು ಅದರಲ್ಲಿ ಎಲ್ಲಿ ಹೋಯಿತೋ. ಗಾಜು ಇಳಿಸೋಣವೆಂದು ಒಂದು ಕೈ ತೆಗೆದು ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸುವುದರೊಳಗೆ ಇನ್ನೊಂದು ಹೆಬ್ಬೆರಳು ಜಾರಿ ರಕ್ತ ಮತ್ತೆ ಚಿಮ್ಮಿತು. ಕೈಯನ್ನು ವಾಪಸು ತಂದಳು. ಇನ್ನು ಆ ಪ್ರಯತ್ನ ಮಾಡುವ ಧೈರ್ಯ ಅವಳಿಗಿರಲಿಲ್ಲ. ಬಾಗಿಲು ತೆರೆದು ಓಡಿದರೆ ಅವಳು ಜನರನ್ನು ತಲುಪುತ್ತಾಳೆ. ಅವಳು ವಾಪಸು ಬರುವಾಗ ಅಪ್ಪ ಇರುವುದಿಲ್ಲ. ಬ್ರೇಕ್ ಬಿಟ್ಟು ಕಾರನ್ನು ಮುಂದಕ್ಕೆ ಉರುಳಿಸುವ ಯೋಚನೆಯೂ ಬಂತು. ಬಂಪರಿಗೂ ಬೇಲಿಗೂ ನಡುವೆ ಮರ್ವ್‌ನ ಕಾಲುಗಳಿದ್ದವು.

ಉಳಿದದ್ದು ಹಾರ್ನ್. ಬಲ ಮೊಣಕೈಯಿಂದ ಅದನ್ನು ಒತ್ತಿದಳು.

ಮರ್ವ್ ತಿರುಗಲಿಲ್ಲ. ಚೆಂಡು ಟಿಂಟಾಲಾದವರ ಕೈಯಲ್ಲಿತ್ತು. ಅವನು ಮುಷ್ಟಿಯನ್ನು ತಲೆಯ ಮೇಲೆತ್ತಿ ಗಾಳಿಗೆ ಗುದ್ದಿದ. ಹಾಗೇ ಹಾಕು ಕ್ಲೆಮ್, ಹುರಿದುಂಬಿಸು ಅನ್ನುವ ಹಾಗೆ.

ಹಾಗಾದರೆ ಲಯ ಬೇರೆಯಿರಲಿ, ಆಗ ಯಾರಿಗಾದರೂ ಅನುಮಾನ ಬಂದೀತು ಎಂದುಕೊಂಡಳು. ಮೂರು ಗಿಡ್ಡ, ಒಂದು ಬಿಡುವು, ಮೂರು ಗಿಡ್ಡ. ಎರಡನೆಯ ಸುತ್ತಿಗೆ ಎಡಗಡೆ ಮೂರು ಕಾರುಗಳಾಚೆಯಿಂದ ಯಾರೋ ಅದನ್ನೇ ನುಡಿಸಿದರು: ಮೂರು ಗಿಡ್ಡ. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಸಾಲು. ಜನ ಅದಕ್ಕೆ ತಕ್ಕಂತೆ ಬೇಲಿಯ ತಗಡು ಬಡಿದರು, ಊರಿನ ಹೆಸರು ಸೇರಿಸಿ ಕೂಗಿದರು. ಅವಳ ಮೊರೆಯನ್ನು ನೂರು ಕಾರುಗಳು ಹಾಡು ಮಾಡಿಕೊಂಡು ಅವಳಿಗೇ ತಿರುಗಿ ಕೇಳಿಸುತ್ತಿದ್ದವು. ಅವಳು ಹೆಬ್ಬೆರಳು ಜಾರದಂತೆ ಇನ್ನಷ್ಟು ಒತ್ತಿ ಹಿಡಿದಳು.

"ಯಾರು ಹೊಡೆದ್ರು?" ಎಂದ ಕ್ಲೆಮ್. ಅವನ ಹಣೆಯಲ್ಲಿ ಬೆವರು. ಬಲಗೈ ಸೋತು ಪೈ ಯಾವಾಗಲೋ ಬಿದ್ದಿತ್ತು.

"ಯಾರೂ ಹೊಡೆದಿಲ್ಲ, ಅಪ್ಪ. ಸುಮ್ನೆ ಕೂಗ್ತಿದಾರೆ."

ಅವನು ಆಕಳಿಸಿದ. ಮತ್ತೆ ಆಕಳಿಸಿದ. ನಿದ್ದೆಯ ಆಕಳಿಕೆ ಅಲ್ಲ ಅದು. ರಕ್ತ ಕಳೆದುಕೊಂಡ ಮಿದುಳು ಗಾಳಿ ಕೇಳುವ ಬಗೆ. ಅವಳು ಅದನ್ನು ಓದಿ ತಿಳಿದಿದ್ದಳು, ಓದಿರಬಾರದಿತ್ತು ಅನಿಸಿತು.

ಯೋಚಿಸು, ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಸದ್ದಿಗೆ ಅರ್ಥ ಹುಟ್ಟುವುದು ಅದರ ಸುತ್ತ ಇರುವ ಮೌನದಿಂದ. ಈ ಸಾಲಿನಲ್ಲಿ ಮೌನ ಯಾವಾಗ? ಟಿಂಟಾಲಾ ಗೆಲ್ಲುತ್ತಿರುವಾಗ ಇಲ್ಲ, ಚೆಂಡು ಆಡುತ್ತಿರುವಾಗಲೂ ಇಲ್ಲ. ಕ್ರೀಕ್‌ನವರು ಗೋಲು ಹೊಡೆದಾಗ ಮಾತ್ರ. ಆಗ ಇಲ್ಲಿ ಒಂದು ಹಾರ್ನ್ ಕೂಗಿದರೆ ಊರಿಗೆ ಊರೇ ತಿರುಗಿ ನೋಡುತ್ತದೆ. ಸಹಾಯಕ್ಕೆಂದು ಬರಲಾರರು, ಬೈಯಲು ಬಂದೇ ಬರುತ್ತಾರೆ.

ಆದರೆ ಗಾಳಿ ಕ್ರೀಕ್‌ನವರಿಗೆ ಎದುರಾಗಿತ್ತು. ಚೆಂಡು ಆಚೆ ತುದಿಯಲ್ಲೇ ಸುತ್ತುತ್ತಿತ್ತು. ಟಿಂಟಾಲಾ ಇನ್ನೊಂದು ಗೋಲು ಹೊಡೆಯಿತು. ಹಾರ್ನ್‌ಗಳು ಅಲೆಯಂತೆ ಎದ್ದವು, ಇಳಿಯಲು ಎಷ್ಟು ಹೊತ್ತಾಯಿತೋ. ಹುಟ್ಟಿದಾಗಿನಿಂದ ಈ ಸದ್ದಿಗೆ ಎದೆ ಉಬ್ಬಿಸುತ್ತಿದ್ದವಳಿಗೆ ಈಗ ಅದು ಮಣ್ಣಿನ ಹಾಗೆ ಮೇಲೆ ಬೀಳುತ್ತಿತ್ತು.

"ಬನ್ರೋ" ಎಂದು ಪಿಸುಗುಟ್ಟಿದಳು. "ನೀಲಿ ಅಂಗಿಯವರೇ, ಬನ್ರೋ. ಒಂದೇ ಒಂದು."

ಕ್ರೀಕ್‌ನ ಉದ್ದ ಕಾಲಿನ ಆಟಗಾರನೊಬ್ಬ ಚೆಂಡು ಕಸಿದುಕೊಂಡು ಓಡಿ ಬಂದ. ಗಾಳಿಯನ್ನು ಸೀಳುವ ಹಾಗೆ ತಗ್ಗಿನಲ್ಲಿ ಒದ್ದ. ಚೆಂಡು ಉತ್ತರದ ಕಂಬಗಳತ್ತ, ಅವಳ ಕಡೆಗೇ ಬಂತು. ಬಂದು ಕಂಬಕ್ಕೆ ಬಡಿಯಿತು. ಕಂಬಕ್ಕೆ ತಾಗಿದರೆ ಗೋಲಲ್ಲ, ಒಂದೇ ಅಂಕ. ಬೇಲಿಯ ಬದಿ ಗೇಲಿಯ ನಗು ಸಿಡಿಯಿತು, ಹಾರ್ನ್‌ಗಳೂ ಸೇರಿಕೊಂಡವು.

"ಮಗಾ, ಕಂಬ ಅಲ್ಲಾಡ್ಸಕ್ಕೆ ಬಂದ್ಯಾ?"

"ಇನ್ನೊಂದ್ಸಲ ಒದಿ, ಕಂಬಕ್ಕೆ ಬಣ್ಣ ಹೊಡೀಬೇಕಿತ್ತು."

ರೋವೆನಾ ಇತ್ತ ತಿರುಗಿದಳು. ಅಪ್ಪನ ತಲೆ ಸೀಟಿನ ಮೇಲೆ ಪಕ್ಕಕ್ಕೆ ವಾಲಿತ್ತು. "ಅಪ್ಪ" ಎಂದಳು. ಅವನು ತುಟಿ ಅಲ್ಲಾಡಿಸಿದ, ಮಾತು ಬರಲಿಲ್ಲ.

ಟಿಂಟಾಲಾದ ಆಟಗಾರ ಚೆಂಡನ್ನು ಮತ್ತೆ ಮೈದಾನಕ್ಕೆ ಒದ್ದ. ಅಡ್ಡ ಬಂದ ಒಂದು ನೀಲಿ ಅಂಗಿ ಅದನ್ನು ಎದೆಯ ಮೇಲೆ ಹಿಡಿಯಿತು. ಹಾಗೆ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು; ಅವನು ಹಿಂದೆ ಹೋಗಿ, ಓಡಿ ಬಂದು, ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು.

ಪಡುವಣ ಬದಿ ಬಾಯಿ ಮುಚ್ಚಿತು. ಮೈದಾನದ ಆಚೆಯಿಂದ ಕ್ರೀಕ್‌ನವರ ಹಾರ್ನ್‌ಗಳು ತೆಳುವಾಗಿ ಕೇಳಿದವು. ರೋವೆನಾ ಮೊಣಕೈಯನ್ನು ಹಾರ್ನ್ ಮೇಲೆ ಒತ್ತಿದಳು, ಎತ್ತಲಿಲ್ಲ.

ಮೊದಲು ಒಂದು ತಲೆ ತಿರುಗಿತು. ಆಮೇಲೆ ಸಾಲಿಗೆ ಸಾಲೇ.

"ಯಾರದು?"

"ಪಾಸ್ಕೋ ಕಾರು ಕಣ್ರೋ."

"ಮುದುಕ ಪಕ್ಷ ಬದಲಾಯ್ಸಿದಾನೆ, ನೋಡ್ರಿ."

"ಏ ಕ್ಲೆಮ್, ಕನ್ನಡಕ ಒರೆಸ್ಕೋ. ಅದು ನೀಲಿ ಅಂಗಿ."

ಒಂದು ಕಾಗದದ ಲೋಟ ಬಂದು ಗಾಜಿಗೆ ಬಡಿದು ಚಹಾ ಇಳಿಯಿತು. ಅವಳು ಮೊಣಕೈ ತೆಗೆಯಲಿಲ್ಲ. ಮರ್ವ್ ತಿರುಗಿದ. ಮಬ್ಬು ಗಾಜಿನ ಹಿಂದೆ ಅವನಿಗೆ ಏನೂ ಕಾಣಲಿಲ್ಲವೇನೋ, ಮುಖ ಕೆಂಪಾಗಿತ್ತು. ದಡದಡನೆ ಸುತ್ತಿ ಬಂದು ಕ್ಲೆಮ್‌ನ ಬದಿಯ ಬಾಗಿಲು ಎಳೆದ.

"ತಲೆಗಿಲೆ ಕೆಟ್ಟಿದ್ಯೇನಯ್ಯಾ? ಮರ್ಯಾದೆ..."

ಮಾತು ಅಲ್ಲಿಗೆ ನಿಂತಿತು. ವರ್ಷಕ್ಕೆ ಎಷ್ಟೋ ಕುರಿ ಕೊಯ್ಯುವ ಮರ್ವ್ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟ.

"ಮರ್ವ್, ಗ್ವೆಂಡಾನ ಕರ್ಕೊಂಡು ಬನ್ನಿ" ಎಂದಳು ರೋವೆನಾ. ದನಿ ತನ್ನದೇ ಅನಿಸಲಿಲ್ಲ. "ಆಂಬುಲೆನ್ಸ್ ಗ್ವೆಂಡಾ. ರಕ್ತನಾಳ ಒಡೆದಿದೆ. ನಾನು ಕೈ ಬಿಡೋ ಹಾಗಿಲ್ಲ."

"ಅವಳೆಲ್ಲಿದಾಳೆ?"

"ಆ ಬದಿ. ಸ್ಕೋರ್ ಬೋರ್ಡ್ ಕೆಳಗೆ."

ಸುತ್ತು ಹಾಕಿ ಹೋಗಬೇಕೆಂದರೆ ಎರಡು ಸಾಲು ಕಾರು, ಜನ, ಪೈ ಮಾರುವವರ ಸರತಿ ಎಲ್ಲ ದಾಟಬೇಕು. ಮರ್ವ್ ಅತ್ತ ನೋಡಿದ, ಇತ್ತ ನೋಡಿದ, ಆಮೇಲೆ ಬೇಲಿ ಹಾರಿದ. ಆಟ ನಡೆಯುತ್ತಿರುವಾಗ ಟಿಂಟಾಲಾದಲ್ಲಿ ಯಾರೂ ಬೇಲಿ ಹಾರಿದವರಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಅವನು ಮೈದಾನದ ನಡುವೆ ಓಡಿದ. ಚೆಂಡು ಅವನ ಕಾಲ ಬಳಿ ಪುಟಿಯಿತು, ಆಟಗಾರನೊಬ್ಬ ಡಿಕ್ಕಿ ಹೊಡೆದು ಉರುಳಿದ, ಅಂಪೈರ್ ಸೀಟಿ ಊದಿದ. ಎರಡೂ ಬದಿಯಿಂದ ಬೈಗುಳ ಸುರಿಯಿತು. ಅವಳು ಕೇಳಿದ್ದರಲ್ಲೆಲ್ಲ ದೊಡ್ಡ ಸದ್ದು ಅದೇ.

ಆಮೇಲೆ ಅದು ಇಳಿಯತೊಡಗಿತು. ತೆರೆದ ಬಾಗಿಲ ಬಳಿ ಇದ್ದವರು ಮೊದಲು ಸುಮ್ಮನಾದರು. ಅವರು ಪಕ್ಕದವರಿಗೆ ಹೇಳಿದರು, ಪಕ್ಕದವರು ಅವರ ಪಕ್ಕದವರಿಗೆ. ಸುಮ್ಮನಿರುವಿಕೆ ಕಾರಿನಿಂದ ಕಾರಿಗೆ ಹರಡಿ ಮೈದಾನವನ್ನು ಸುತ್ತಿ ಕ್ರೀಕ್‌ನವರ ಬದಿಯನ್ನೂ ಮುಟ್ಟಿತು. ಈ ಮೈದಾನದಲ್ಲಿ ಗಾಳಿಯ ಸದ್ದು ಕೇಳಿದ್ದು ರೋವೆನಾಗೆ ಇದೇ ಮೊದಲು. ಅದರ ಜೊತೆ ಅಪ್ಪನ ಉಸಿರೂ ಕೇಳಿತು. ಒಂದು ಉಸಿರು, ಅದಾದ ಮೇಲೆ ಬಿಡುವು, ಅವಳಿಗೆ ಬೇಕಾಗಿದ್ದಕ್ಕಿಂತ ಉದ್ದ, ಆಮೇಲೆ ಇನ್ನೊಂದು. ಗದ್ದಲ ಇದ್ದಾಗ ಈ ಬಿಡುವು ಕೇಳುತ್ತಿರಲಿಲ್ಲ. ಮೌನ ಬೇಕೆಂದು ಬೇಡಿಕೊಂಡವಳಿಗೆ ಈಗ ಮೌನವೇ ಹೆದರಿಕೆ ಹುಟ್ಟಿಸಿತು.

ಗ್ವೆಂಡಾ ಏದುಸಿರು ಬಿಡುತ್ತ ಬಂದಳು. ಹಿಂದೆ ಇಬ್ಬರು ಆಟಗಾರರು, ಒಬ್ಬ ಕೆಂಪು ಅಂಗಿ, ಒಬ್ಬ ನೀಲಿ, ಸ್ಟ್ರೆಚರ್ ಹಿಡಿದು. ಅವಳು ಒಳಗೆ ಬಗ್ಗಿ ನೋಡಿ, ಬಟ್ಟೆಯ ದಿಂಡನ್ನು ರೋವೆನಾಳ ಬೆರಳುಗಳ ಸುತ್ತ ಸೇರಿಸಿದಳು.

"ನೀನೇ ಹಿಡ್ಕೋ ರೋವಿ. ನಿನ್ನ ಬೆರಳು ಸರಿಯಾದ ಜಾಗದಲ್ಲಿದೆ, ನಾನು ಬದಲಾಯ್ಸಕ್ಕೆ ಹೋದ್ರೆ ಹೋಗುತ್ತೆ. ಹಾಗೇ ನನ್ನ ಜೊತೆ ನಡಿ."

"ಉಸಿರು..."

"ನೋಡಿದೆ. ನಡಿ."

ಗಾಡಿಗಳು ಹಾದಿ ಕಟ್ಟಿದ್ದರಿಂದ ಆಂಬುಲೆನ್ಸ್ ಆಚೆಯೇ ನಿಂತಿತ್ತು. ಸ್ಟ್ರೆಚರನ್ನು ಬೇಲಿಯ ಮೇಲಿಂದ ಕೈಯಿಂದ ಕೈಗೆ ದಾಟಿಸಿದರು. ತೋಳು ಬಿಡದ ರೋವೆನಾಳನ್ನೂ ಯಾರೋ ಸೊಂಟ ಹಿಡಿದು ಎತ್ತಿ ಇಳಿಸಿದರು. ಬೂಟುಗಳು ಕೆದರಿದ ಕೆಸರು ಹುಲ್ಲಿನ ಮೇಲೆ ಅವರು ನಡೆದರು.

ಅರ್ಧ ದಾರಿಯಲ್ಲಿ ಚಪ್ಪಾಳೆ ಶುರುವಾಯಿತು. ಪೆಟ್ಟಾದ ಆಟಗಾರನನ್ನು ಹೊತ್ತು ಒಯ್ಯುವಾಗ ತಟ್ಟುವ ಚಪ್ಪಾಳೆ. ಎರಡೂ ಬದಿಯವರು ತಟ್ಟಿದರು. ಒಳ್ಳೆಯ ಮನಸ್ಸಿನ ಸದ್ದು ಅದು, ಅವಳೇ ಎಷ್ಟೋ ಸಲ ತಟ್ಟಿದ್ದಳು. ಈಗ ಅದು ಅಪ್ಪನ ಉಸಿರನ್ನು ಮುಚ್ಚಿಹಾಕಿತು. ಬಗ್ಗಿ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು. ಚಪ್ಪಾಳೆಯೇ ಕೇಳಿತು. ದಯವಿಟ್ಟು ನಿಲ್ಲಿಸಿ ಎಂದಳು, ಯಾರಿಗೆ ಕೇಳಬೇಕು?

ಬೆಳಗ್ಗೆ ಎದ್ದ ಕೂಡಲೇ ಆ ನಾಳವನ್ನು ಮುಟ್ಟಿ ನೋಡುವುದು ಇಂಥ ಮನೆಗಳಲ್ಲಿ ರೂಢಿ. ರಕ್ತ ಹರಿಯುತ್ತಿದ್ದರೆ ಚರ್ಮದ ಕೆಳಗೆ ಜೇನ್ನೊಣ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುವ ಕಂಪನ ಬೆರಳಿಗೆ ತಾಗುತ್ತದೆ. ಹೆಬ್ಬೆರಳುಗಳನ್ನು ಕದಲಿಸದೆ ಅವಳು ಕಿರುಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಏನೂ ತಾಗಲಿಲ್ಲ. ಇನ್ನಷ್ಟು ಸರಿಸಿದಳು. ಅಲ್ಲೂ ಇಲ್ಲ. ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಹೊರಳಿಸಿದಳು.

ಇತ್ತು. ತೀರ ಸಣ್ಣಗೆ, ಬಂದು ಹೋಗುವ ಹಾಗೆ.

"ಇದೆ" ಎಂದಳು.

"ಏನಂದೆ?" ಗ್ವೆಂಡಾ ಕೂಗಿ ಕೇಳಿದಳು.

"ಇದೆ. ಹರೀತಾ ಇದೆ."

ಆಂಬುಲೆನ್ಸಿನ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಸದ್ದು ಕಂಬಳಿ ಹೊದೆಸಿದಂತೆ ದೂರವಾಯಿತು. ಗ್ವೆಂಡಾ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಕಣ್ಣು ಕಿರಿದು ಮಾಡಿ ನೋಡಿದಳು. "ಕಮ್ಮಿ ಇದೆ. ತುಂಬಾ ಕಮ್ಮಿ. ಆದ್ರೆ ಒತ್ತಡ ಸಿಗ್ತಾ ಇದೆ. ನೀನಿನ್ನು ಕಿರುಬೆರಳು ತೆಗೀಬಹುದು, ರೋವಿ."

ರೋವೆನಾ ಒಲ್ಲೆನೆಂದು ತಲೆಯಾಡಿಸಿದಳು. ಗಾಡಿ ಹೆದ್ದಾರಿ ಹಿಡಿಯಿತು. ಆ ಸಣ್ಣ ಕಂಪನ ನಿಂತು ಮತ್ತೆ ಬರುವ ಪ್ರತಿ ಸಲವೂ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.