ಸಂಡೂರು ಬಸ್ಸಿನಲ್ಲಿ ಏಳು ಸಾವಿರ ಹೆಜ್ಜೆ

ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರಾದ ಕೊಟ್ರಯ್ಯನವರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಅನ್ನ ನಿಷಿದ್ಧವಾಯಿತು. ದಿನಕ್ಕೆ ಇನ್ನೂರು ಚೀಲ ಸೋನಾ ಮಸೂರಿಯನ್ನು ನಾಡಿಗೆ ಕಳುಹಿಸುವ ಮನುಷ್ಯನ ತಟ್ಟೆಗೆ ಎರಡು ಹೊತ್ತೂ ಜೋಳದ ರೊಟ್ಟಿ ಬೀಳತೊಡಗಿತು. ಸಕ್ಕರೆ ಕಾಯಿಲೆಯೆಂದು ಹೇಳಿದವರು ವೈದ್ಯರು; ಆಜ್ಞೆಯನ್ನು ಜಾರಿಗೆ ತಂದವಳು ಸೊಸೆ ಗಂಗಾಂಬಿಕಾ. ಹೆಜ್ಜೆ ಎಣಿಸುವ ಗಡಿಯಾರವೊಂದನ್ನು ಮಾವನ ಮಣಿಕಟ್ಟಿಗೆ ಕಟ್ಟಿದವಳೂ ಅವಳೇ.

“ದಿನಾ ಏಳು ಸಾವಿರ ಹೆಜ್ಜಿ ನಡೀರಿ ಮಾವಾರ. ಒಂದು ತಿಂಗಳು ತಪ್ಪದಂಗ ನಡದ್ರ ಮಧ್ಯಾಹ್ನಕ್ಕೊಂದು ಹಿಡಿ ಅನ್ನ ನಾನ ಬಡಸ್ತೀನಿ. ಎಷ್ಟು ನಡದ್ರಿ ಅಂಬೋದು ನನ್ನ ಫೋನಿಗೆ ಬರ್ತೈತಿ.”

“ಹಿಡಿ ಅಂದ್ರ ಯಾರ ಹಿಡಿ? ನಿಂದೋ, ನಂದೋ?”

“ನಂದು.”

ಕಷ್ಟವಿದ್ದುದು ಕಾಲಿನಲ್ಲಲ್ಲ. ನಲವತ್ತು ವರ್ಷ ಜೀಪು, ಕಾರುಗಳಲ್ಲಿಯೇ ಓಡಾಡಿದ ಮಾಲೀಕ ಬೀದಿಯಲ್ಲಿ ನಡೆದರೆ ಗಿರಣಿ ಮಾರಾಟವಾಯಿತೆಂದು ಊರು ತಿಳಿಯುತ್ತದೆ. ಮೊದಲ ಬೆಳಗ್ಗೆಯೇ ಮೂವರು ಗಿರಾಕಿಗಳು ಗಾಡಿ ನಿಲ್ಲಿಸಿ, “ಎಲ್ಲಾ ಆರಾಮ ಐತೇನ್ರಿ ಸಾವುಕಾರ್ರ?” ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಕೊಟ್ರಯ್ಯನವರು ಅಲ್ಲಿಂದಲೇ ಮನೆಗೆ ಹಿಂದಿರುಗಿದರು.

ಮರುದಿನ ಅವರಿಗೆ ಸಂಡೂರಿನಲ್ಲಿ ಕೆಲಸವಿತ್ತು, ಕಾರು ರಿಪೇರಿಯಲ್ಲಿತ್ತು. ಹೊಸಪೇಟೆಯಲ್ಲಿ ಬಸ್ಸು ಹತ್ತಿದರು. ಅದಿರಿನ ಲಾರಿಗಳು ಅರೆದಿಟ್ಟ ರಸ್ತೆಯದು; ಬಸ್ಸು ಉದ್ದಕ್ಕೂ ಕುಲುಕಿತು. ಸಂಡೂರಿನಲ್ಲಿಳಿದು ನೋಡಿದಾಗ ಗಡಿಯಾರ ಮೂರು ಸಾವಿರದ ಆರುನೂರು ಹೆಜ್ಜೆ ತೋರಿಸುತ್ತಿತ್ತು. ಹೊಸಪೇಟೆಗೆ ಮರಳುವಷ್ಟರಲ್ಲಿ ಏಳು ಸಾವಿರ ದಾಟಿತ್ತು. ದಾರಿಯುದ್ದಕ್ಕೂ ಅವರು ಸೀಟಿನಿಂದ ಎದ್ದಿರಲಿಲ್ಲ.

ಅಂದಿನಿಂದ ಅವರು ಪ್ರತಿದಿನವೂ ಸಂಡೂರಿಗೆ ಹೋಗಿಬಂದರು. ಕಂಡಕ್ಟರ್ ಪಂಪಣ್ಣ ಹಿಂದಿನ ಚಕ್ರದ ಮೇಲಿನ ಸೀಟನ್ನು ಅವರಿಗೆಂದೇ ಕಾದಿರಿಸಿದನು. ಇಪ್ಪತ್ತೇಳು ದಿನ ಹೀಗೆ ನಿರ್ವಿಘ್ನವಾಗಿ ನಡೆಯಿತು. ಪಕ್ಕದಲ್ಲಿ ಸಿದ್ಧವಾಗುತ್ತಿದ್ದ ಹೊಸ ರಸ್ತೆ ಇಪ್ಪತ್ತೆಂಟನೆಯ ದಿನ ತೆರೆಯಿತು; ಬಸ್ಸು ಹೊಸ ಡಾಂಬರಿನ ಮೇಲೆ ಜಾರಿಕೊಂಡು ಹೋಯಿತು. ಸಂಡೂರಿನಲ್ಲಿ ಗಡಿಯಾರ ಇನ್ನೂರ ಹನ್ನೆರಡು ಹೆಜ್ಜೆ ತೋರಿಸಿತು.

“ಏನಾತೋ ನಿಮ್ಮ ಬಸ್ಸಿಗೆ?”

“ಬಸ್ಸಿಗೇನಾಗಿಲ್ರಿ ಯಜಮಾನ್ರ. ರಸ್ತೆ ಮಸ್ತ್ ಆಗೇತಿ.”

“ಯಾರ್ ಕೇಳಿದ್ರು?”

“ನಾವ ಕೇಳಿದ್ವಿ. ಹತ್ತು ವರ್ಷದಿಂದ ಅರ್ಜಿ ಕೊಟ್ಟಿದ್ವಿ.”

ಮರಳುವಾಗ ಬಸ್ಸು ಹೊರಟೊಡನೆ ಕೊಟ್ರಯ್ಯನವರು ಎದ್ದು ನಿಂತು, ಪಂಚೆ ಮೇಲಕ್ಕೆತ್ತಿ ಕಟ್ಟಿ, ಸೀಟುಗಳ ನಡುವೆ ನಡೆಯಲಾರಂಭಿಸಿದರು. ಚಾಲಕನಿಂದ ಕೊನೆಯ ಸೀಟಿಗೆ ಹದಿನಾರು ಹೆಜ್ಜೆ. ಮೆಣಸಿನಕಾಯಿ ಚೀಲವೊಂದು ಅಡ್ಡವಿದ್ದುದರಿಂದ ಹದಿನೇಳು. ಚೀಲದ ಒಡತಿ ಜಂಬವ್ವ ನಾಲ್ಕು ಸುತ್ತುಗಳವರೆಗೆ ತಾಳಿಕೊಂಡಳು.

“ಯಪ್ಪಾ, ಬಸ್ಸಿಗಿಂತ ಮೊದಲ ಹೊಸಪ್ಯಾಟಿ ಮುಟ್ಟಾಕ ಹೊಂಟೀಯೇನು?”

“ಕುಂದ್ರಿ ಯಜಮಾನ್ರ, ಬೀಳ್ತೀರಿ,” ಎಂದನು ಪಂಪಣ್ಣ.

“ಟಿಕೆಟ್ ತಗೊಂಡೀನಿ. ಕುಂತ ಬರಬೇಕಂತ ಅದರಾಗ ಬರದೈತೇನು?”

ಪಂಪಣ್ಣ ಟಿಕೆಟ್ಟನ್ನು ನೋಡಿದನು. ಹಾಗೆಂದು ಬರೆದಿರಲಿಲ್ಲ.

ಹೊಸಪೇಟೆ ಬಂದರೂ ಹೆಜ್ಜೆಗಳು ಸಾಲಲಿಲ್ಲ. ಅದೇ ಬಸ್ಸಿನಲ್ಲಿ ಮತ್ತೊಮ್ಮೆ ಸಂಡೂರಿಗೆ ಹೋಗಿ, ಬಸ್ಸಿನೊಳಗೆ ನಡೆಯುತ್ತಲೇ ಹಿಂದಿರುಗಿ, ಸಂಜೆಗೆ ಕಂಪ್ಲಿ ಸೇರಿದರು. ಗಡಿಯಾರ ತನ್ನ ಫೋನಿಗೆ ಕಳುಹಿಸಿದ್ದ ದಾರಿಯ ನಕಾಶೆಯನ್ನು ಗಂಗಾಂಬಿಕಾ ಅವರ ಮುಂದಿಟ್ಟಳು.

“ಇಷ್ಟು ದಿನಾ ನೀವು ತಾಸಿಗೆ ನಲವತ್ತು ಕಿಲೋಮೀಟರ್ ನಡದೀರಿ ಮಾವಾರ.”

ಕೊಟ್ರಯ್ಯನವರು ನಕಾಶೆಯನ್ನು ಸಾವಕಾಶವಾಗಿ ಪರಿಶೀಲಿಸಿದರು.

“ಯಾವಾಗಿಂದ ಗೊತ್ತೈತಿ?”

“ಮೊದಲ್ನೇ ದಿನದಿಂದಾನ. ಬಸ್ಸಿನಾಗಿದ್ರ ಗಿರಣಿ ಮುಂದಿನ ಅಂಗಡ್ಯಾಗ ಮಿರ್ಚಿ ಭಜಿ ತಿನ್ನೋದು ತಪ್ತೈತಿ ಅಂತ ಸುಮ್ಮನಿದ್ದೆ.”

ಇಷ್ಟೆಂದು ಅವಳು ಮಾವನ ಪಾದಗಳನ್ನು ನೋಡಿದಳು. ಬಾತುಕೊಂಡಿದ್ದವು. ಒಳಗೆ ಹೋಗಿ, ಒಂದು ಕೈಯಲ್ಲಿ ಬಿಸಿನೀರಿನ ಬೋಗುಣಿಯನ್ನೂ ಇನ್ನೊಂದರಲ್ಲಿ ತಟ್ಟೆಯನ್ನೂ ತಂದಳು. ತಟ್ಟೆಯಲ್ಲಿ ಒಂದು ಹಿಡಿ ಅನ್ನವಿತ್ತು. ಹಿಡಿ ಅವಳದೇ.

“ಇವತ್ತಿಂದೊಂದು ಖರೇ ಐತಿ. ಇನ್ನು ಮ್ಯಾಲೆ ಆಯಾ ದಿನದ ಹೆಜ್ಜಿಗೆ ಆಯಾ ದಿನಾನ ಅನ್ನ.”

ಕೊಟ್ರಯ್ಯನವರು ಅಗುಳೊಂದನ್ನೂ ಬಿಡದೆ ಉಂಡರು.

ಮರುದಿನ ಬೆಳಗ್ಗೆ ಹೊಸಪೇಟೆಯ ನಿಲ್ದಾಣದಲ್ಲಿ ಅವರು ಬರುತ್ತಿರುವುದನ್ನು ಕಂಡ ಪಂಪಣ್ಣ, ನಡುದಾರಿಯಲ್ಲಿದ್ದ ಚೀಲಗಳನ್ನೆಲ್ಲ ಒಂದೊಂದಾಗಿ ಸೀಟುಗಳ ಕೆಳಗೆ ತಳ್ಳಿದನು.