ಮೂರು ಕಂಪನಿ, ಒಂದು ಕಪಾಟು

ನಾನು ಒಂದು ಕಂಪನಿಯ ಮೊಹರು. ಬೆಳಗಾವಿಯ ಖಡೇಬಜಾರಿನ ಕೆತ್ತನೆ ಅಂಗಡಿಯಲ್ಲಿ ಹುಟ್ಟಿದೆ. ಉಕ್ಕಿನ ಬಿಲ್ಲೆಯ ಮೇಲೆ ಹೆಸರು ಕೆತ್ತಿ, ಒತ್ತಲು ಹಿಡಿಕೆ ಜೋಡಿಸಿದರು. ಅದೇ ದಿನ ನನಗೆ ಇಬ್ಬರು ತಂಗಿಯರೂ ಹುಟ್ಟಿದರು. ಡೆನ್ಮಾರ್ಕಿನ ಒಬ್ಬ ಧಣಿ ನಮ್ಮ ದೇಶದಲ್ಲಿ ಮೂರು ಕಂಪನಿ ತೆರೆದಿದ್ದ. ನನ್ನದು ನೀರಿನ ವಾಲ್ವು ತಯಾರಿಸುವುದು, ಇನ್ನೊಂದು ಮಾರುವುದು, ಮತ್ತೊಂದು ರಿಪೇರಿಯದು.

ನಮ್ಮನ್ನು ಉದ್ಯಮಬಾಗ ಕೈಗಾರಿಕಾ ಪ್ರದೇಶದ ಆಫೀಸಿನ ಕಬ್ಬಿಣದ ಕಪಾಟಿಗೆ ಸೇರಿಸಿದರು. ಕೀಲಿ ಐರಾವತಿ ಮುನವಳ್ಳಿಯವರ ಬಳಿ. ಮೂರೂ ಕಂಪನಿಗೆ ಅವರೇ ಡೈರೆಕ್ಟರ್. ಆದರೂ ಡೆನ್ಮಾರ್ಕಿನಿಂದ ಅಪ್ಪಣೆ ಬಾರದೆ ಕಪಾಟು ತೆರೆಯುವಂತಿರಲಿಲ್ಲ. ತಂಗಿಯರು ಆಗಾಗ ಹೊರಗೆ ಹೋಗಿ ಬರುತ್ತಿದ್ದರು. ನಾನು ಕತ್ತಲಲ್ಲಿ ಕೂತು ಪಕ್ಕದಲ್ಲಿ ವಾಲ್ವು ಎರಕ ಹೊಯ್ಯುವ ಫೌಂಡ್ರಿಯ ಸದ್ದು ಕೇಳುತ್ತಿದ್ದೆ. ಅದು ನನ್ನ ಕಂಪನಿಯ ಉಸಿರು.

ಒಂದು ಮಧ್ಯಾಹ್ನ ಐರಾವತಿಯವರು ನನ್ನನ್ನು ಮೇಜಿನ ಮೇಲಿಟ್ಟರು. ಎದುರಿನ ಪರದೆಯಲ್ಲಿ ಡೆನ್ಮಾರ್ಕಿನ ಧಣಿ ಹೆನ್ರಿಕ್ ಸಾಹೇಬರು.

"ತಯಾರಿಕೆ ಕಂಪನಿ ನಷ್ಟದಲ್ಲಿದೆ. ಮುಚ್ಚೋಣ."

"ನಮ್ಮ ವಾಲ್ವನ್ನು ನಮ್ಮದೇ ಮಾರಾಟದ ಕಂಪನಿಗೆ ಇಷ್ಟು ಕಡಿಮೆ ಬೆಲೆಗೇ ಕೊಡಬೇಕು ಅಂತ ಗೊತ್ತುಮಾಡಿದವರು ನೀವು. ಲಾಭ ಅಲ್ಲಿಗೆ ಹೋಯಿತು, ನಷ್ಟ ಇಲ್ಲಿ ಉಳಿಯಿತು. ಫೌಂಡ್ರಿಯವರ ತಪ್ಪೇನು?"

"ಮಾರಾಟದ ಕಂಪನಿಗೂ ನೀವೇ ಡೈರೆಕ್ಟರ್. ಮರೆಯಬೇಡಿ."

ಪರದೆ ಆರಿದ ಮೇಲೆ ಫೌಂಡ್ರಿಯ ಮುಖ್ಯಸ್ಥ ದಸ್ತಗೀರ್ ನದಾಫ್ ಬಾಗಿಲಲ್ಲಿ ನಿಂತ.

"ಅಕ್ಕಾರ, ಭಟ್ಟಿ ಆರಸ್ತಾರೇನ್ರಿ?"

"ಆರಸ್ತಾರ. ನಾ ಸಹಿ ಮಾಡ್ಲಿಲ್ಲಂದ್ರ ನಾಳೆ ಬೇರೆಯವ್ರನ್ನ ಕೂಡಸ್ತಾರ."

"ಹಂಗಾರ ನಮ್ಮ ಮಂದಿ?"

ಮರುದಿನ ಐರಾವತಿಯವರು ಹೆನ್ರಿಕ್ ಸಾಹೇಬರಿಗೆ ಹೇಳಿದರು: "ಫೌಂಡ್ರಿಯವರನ್ನೆಲ್ಲ ರಿಪೇರಿ ಕಂಪನಿಗೆ ಸೇರಿಸಿಕೊಳ್ಳಿ, ಹಿಂದಿನ ಸರ್ವಿಸಿನ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು. ಇಲ್ಲದಿದ್ದರೆ ಮೂರೂ ಕುರ್ಚಿ ಒಂದೇ ದಿನ ಬಿಡುತ್ತೇನೆ." ಒಂದು ಕುರ್ಚಿಗಾದರೆ ಬೇರೆಯವರು ಸಿಕ್ಕಾರು; ಮೂರು ಕಂಪನಿ ಒಟ್ಟಿಗೆ ತಲೆಯಿಲ್ಲದೆ ನಿಲ್ಲುವುದು ಸಾಹೇಬರಿಗೆ ಬೇಕಿರಲಿಲ್ಲ. ಒಪ್ಪಿದರು. ಆದರೆ ಒಂದು ಷರತ್ತು: ಐರಾವತಿಯವರು ಇನ್ನು ಕುರ್ಚಿ ಬಿಟ್ಟು ಎಲ್ಲೂ ಹೋಗುವಂತಿಲ್ಲ.

ಮುಚ್ಚುವ ಕಾಗದದ ಮೇಲೆ ಅವರ ಕೈ ನನ್ನನ್ನು ಒತ್ತಿತು. ನನ್ನ ಕಂಪನಿಯ ಸಾವಿಗೆ ನಾನೇ ಗುರುತಾದೆ. ಸಂಜೆಗೆ ಭಟ್ಟಿಯ ಸದ್ದು ನಿಂತಿತು. ಹೊರಗೆ ದಸ್ತಗೀರ್ ಬಿಕ್ಕುವುದು ಕೇಳಿಸಿತು.

ಈಗ ಅವನು ರಿಪೇರಿಯ ಚೀಲ ಹೊತ್ತು ಊರೂರು ತಿರುಗುತ್ತಾನಂತೆ. ಅವನ ಮಂದಿಗೆ ಅನ್ನ ತಪ್ಪಲಿಲ್ಲ. ನಾನು ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದಿದ್ದೇನೆ. ಇಲ್ಲದ ಕಂಪನಿಯ ಹೆಸರು ಯಾರಿಗೆ ಬೇಕು?

ಐರಾವತಿಯವರು ತಂಗಿಯರನ್ನು ತೆಗೆಯಲು ಬಂದಾಗ ಒಮ್ಮೊಮ್ಮೆ ನನ್ನನ್ನು ನೋಡುತ್ತಾರೆ. ಅದೇ ಕುರ್ಚಿಯಲ್ಲಿ ಕೂತು ಅವರ ಕೂದಲು ನರೆತಿದೆ. ಬಾಗಿಲು ಮುಚ್ಚುವ ಮುಂಚೆ ಅವರ ಕೈ ಒಂದು ಕ್ಷಣ ತಡೆಯುತ್ತದೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಆಗ ನನಗೆ ಗೊತ್ತಾಗುವುದಿಲ್ಲ.