ಮಾಣಿಗೆ ಕೊಟ್ಟ ದನಿ

ರೋಬೋ ಕಂಪನಿಯ ತರಬೇತುಗಾರ್ತಿ ಪ್ರಣಮ್ಯಾಳಿಗೆ ಸಿಕ್ಕಿದ್ದು ನಾಲ್ಕೇ ದಿನ. ಮಂಗಳವಾರ ಶುರು, ಶುಕ್ರವಾರ ಮುಕ್ತಾಯ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷೆ. ಅಷ್ಟರೊಳಗೆ ಅಂಬತ್ತೂರಿನ ಇಡ್ಲಿ ಕಾರ್ಖಾನೆಯ ಆರು ಜನಕ್ಕೆ ಹೊಸ ರೋಬೋದ ಪಕ್ಕದಲ್ಲಿ ನಿಂತು ಮೈಕೈ ಸುಟ್ಟುಕೊಳ್ಳದೆ ಕೆಲಸ ಮಾಡುವುದನ್ನು ಕಲಿಸಬೇಕು. ಪಾಸಾದವರು ಸೋಮವಾರದಿಂದ ಅದರ ಜೊತೆ ದುಡಿಯಬಹುದು. ಫೇಲಾದವರಿಗೆ ಬೇರೆ ಕಡೆ ಜಾಗವಿಲ್ಲ, ಊರಿಗೆ ಹೋಗಬಹುದು ಎಂದು ಮಾಲೀಕರ ಮಗ ಮನೀಶ್ ಮೊದಲ ದಿನವೇ ಹೇಳಿಬಿಟ್ಟಿದ್ದ. ನಗುತ್ತಲೇ ಹೇಳಿದ. ಇಂಥ ಮಾತನ್ನು ನಗುತ್ತ ಹೇಳುವುದನ್ನು ಈಗಿನವರಿಗೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ದೇವರಿಗೇ ಗೊತ್ತು.

ಆ ಆರು ಜನರಲ್ಲಿ ಎಲ್ಲರಿಗಿಂತ ಹಿರಿಯರು ಭೋಜರಾಜ. ಐವತ್ತಾರು ವರ್ಷ. ಈ ಕಾರ್ಖಾನೆಗೆ ಬರುವ ಮುಂಚೆ ಅದೇ ನಗರದ ಪೇಟೆ ಪ್ಯಾರೀಸ್ ಕಾರ್ನರಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ನಡೆಸಿದವರು. ಪ್ರಣಮ್ಯಾಳ ಅಪ್ಪ ಕೃಷ್ಣರಾಜ ಅದೇ ಅಡುಗೆಮನೆಯಲ್ಲಿ ಅವರ ಕೈಕೆಳಗೆ ದೋಸೆ ಹುಯ್ದವರು. ಹಾಗಾಗಿ ಅವಳಿಗೆ ಅವರು ಮಾಮ. ಅವಳು ಟ್ಯಾಬ್ ಹಿಡಿದುಕೊಂಡು ಟೀಚರಮ್ಮನ ಹಾಗೆ ನಿಂತರೂ ಅವರ ಬಾಯಲ್ಲಿ ಬರುತ್ತಿದ್ದದ್ದು "ಮಗಾ" ಎಂದೇ. ಅವರನ್ನು ಫೇಲು ಮಾಡಬೇಕಾಗಿ ಬಂದರೆ ಮನೆಗೆ ಹೋಗಿ ಅಪ್ಪನ ಮುಖ ನೋಡುವುದು ಹೇಗೆ ಎಂಬ ಚಿಂತೆ ಅವಳಿಗೆ ಮಂಗಳವಾರದಿಂದಲೇ ಅಂಟಿಕೊಂಡಿತ್ತು.

ರೋಬೋ ನೋಡಲು ಭಾರೀ ಏನಲ್ಲ. ಮೇಜಿಗೆ ಬಿಗಿದ ಒಂದು ಬಿಳಿ ತೋಳು, ಅಷ್ಟೇ. ಒಂದನೇ ಆವಿಪೆಟ್ಟಿಗೆಯಿಂದ ಇಡ್ಲಿ ತಟ್ಟೆಗಳನ್ನು ತೆಗೆದು ತಣಿಸುವ ಮೇಜಿನ ಮೇಲೆ ಇಡುವುದು ಅದರ ಕೆಲಸ. ಎರಡನೇ ಪೆಟ್ಟಿಗೆಯ ತಟ್ಟೆಗಳನ್ನು ಮನುಷ್ಯರು ಹೊತ್ತು ತಂದು ಅದೇ ಮೇಜಿನ ಮೇಲೆ ಇಡಬೇಕು. ನಡುವೆ ಬೇಲಿಯಿಲ್ಲ. ನೆಲದ ಮೇಲೆ ಒಂದು ಹಳದಿ ಗೆರೆ, ಕಂಬದ ಮೇಲೆ ಒಂದು ದೀಪ. ದೀಪ ಹಸಿರಾಗಿದ್ದರೆ ಗೆರೆ ದಾಟಬಹುದು. ಕೆಂಪಾಗಿದ್ದರೆ ತೋಳಿನಲ್ಲಿ ಬಿಸಿ ತಟ್ಟೆ ಇದೆ, ನಿಲ್ಲಬೇಕು. ಎಡವಟ್ಟಾದರೆ ತೋಳನ್ನು ನಿಲ್ಲಿಸಲು ಪಕ್ಕದಲ್ಲಿ ಒಂದು ಗುಂಡಿ.

"ತಾಗಿದ್ರೆ ಅದು ನಿಲ್ತದೆ ಮಾಮ," ಎಂದು ಅವಳು ಮೊದಲ ದಿನವೇ ವಿವರಿಸಿದ್ದಳು. "ಆದ್ರೆ ಅದು ಹಿಡ್ಕೊಂಡದ್ದು ನಿಲ್ಲುದಿಲ್ಲ. ತಟ್ಟೆ ಜಾರಿ ಮೈಮೇಲೆ ಬರ್ತದೆ. ಅದಕ್ಕೇ ದೀಪ ನೋಡಿ ಅಂತ ಹೇಳುದು."

ಆರು ಜನವೂ ತಲೆಯಾಡಿಸಿದರು. ಗೆರೆ, ದೀಪ, ಗುಂಡಿ ಎಲ್ಲವನ್ನೂ ಮಗ್ಗಿಯಂತೆ ಒಪ್ಪಿಸಿದರು. ರೋಬೋಗೆ ಮಾಣಿ ಎಂದು ಹೆಸರನ್ನೂ ಇಟ್ಟರು. ಹೋಟೆಲಿನಲ್ಲಿ ಟೇಬಲಿಗೆ ತಿಂಡಿ ತರುವವನು ಮಾಣಿ, ಇದೂ ಇಡ್ಲಿ ತರುತ್ತದಲ್ಲ. ಪಾಠ ಚೆನ್ನಾಗಿ ತಲೆಗೆ ಹತ್ತಿತು ಎಂದು ಪ್ರಣಮ್ಯಾ ಅಂದುಕೊಂಡಳು, ಪಾಪ.

ಬುಧವಾರ ನಿಜವಾದ ಆವಿ ಬಿಟ್ಟರು. ಹತ್ತೇ ನಿಮಿಷಕ್ಕೆ ಜಯಲಕ್ಷ್ಮೀ, ಆ ಗುಂಪಿನ ಒಬ್ಬಳೇ ಹೆಂಗಸು, ಹಬೆಯಾಡುವ ತಟ್ಟೆ ಎತ್ತಿಕೊಂಡು "ಬಿಸಿ, ಬಿಸಿ" ಎನ್ನುತ್ತ ಸೀದಾ ಗೆರೆ ದಾಟಿದಳು. ದೀಪ ಕೆಂಪಾಗಿತ್ತು. ತೋಳು ಅವಳ ಕಿವಿಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಪ್ರಣಮ್ಯಾ ಓಡಿಹೋಗಿ ಗುಂಡಿ ಒತ್ತಿದಳು. ದೀಪ ಯಾಕೆ ನೋಡಲಿಲ್ಲ ಎಂದು ಕೇಳಿದರೆ ಜಯಲಕ್ಷ್ಮೀಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೈಯಲ್ಲಿ ಬಿಸಿ ತಟ್ಟೆ ಇರುವಾಗ ಕಣ್ಣು ತಟ್ಟೆಯ ಮೇಲಲ್ಲದೆ ಇನ್ನೆಲ್ಲಿರಬೇಕು?

ಬೇರೆ ಯಾರಾದರೂ ತರಬೇತಿಗೆ ಬಂದಿದ್ದರೆ ಇದು ಹೊಳೆಯುತ್ತಿರಲಿಲ್ಲ. ಪ್ರಣಮ್ಯಾಳಿಗೆ ಹೊಳೆಯಿತು. ಹೋಟೆಲಿನ ಅಡುಗೆಮನೆಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ಕಣ್ಣಿಗೆ ಪಾತ್ರೆಯ ಕೆಲಸ, ದಾರಿಯ ಕೆಲಸ ಕಿವಿಗೆ. ಬಿಸಿ ಹೊತ್ತವರು ಕೂಗುತ್ತಾರೆ, ಕೇಳಿದವರು ತಿರುಗಿ ನೋಡದೆ ಸರಿಯುತ್ತಾರೆ. ತಿರುಗಿದರೆ ಮೊಣಕೈ ತಾಗಿ ಸಾಂಬಾರು ಚೆಲ್ಲುತ್ತದೆ. ಪೆರಂಬೂರಿನ ಅವಳ ಮನೆಯಲ್ಲೂ ಅದೇ ಕಾನೂನು. ಅಮ್ಮ ಅನ್ನದ ಪಾತ್ರೆ ಎತ್ತಿ "ಬಿಸಿ" ಅಂದರೆ, ಓದುತ್ತ ಕೂತಿದ್ದ ಪ್ರಣಮ್ಯಾ ಪುಸ್ತಕದಿಂದ ತಲೆ ಎತ್ತದೆ ಕಾಲು ಮಡಚಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಕಿವಿಯಲ್ಲಿ ಬದುಕಿದವರಿಗೆ ನಾಲ್ಕು ದಿನದಲ್ಲಿ ಕಣ್ಣು ಕೊಡುವುದು ಹೇಗೆ? ಬದಲಿಗೆ ಮಾಣಿಗೆ ಬಾಯಿ ಕೊಟ್ಟರೆ?

ಸಂಜೆ ಅವಳು ಭೋಜರಾಜರನ್ನು ಒಂದು ಕಡೆ ನಿಲ್ಲಿಸಿ ಅವರ ಕೂಗನ್ನು ಫೋನಿನಲ್ಲಿ ಹಿಡಿದಳು. ಸಣ್ಣ ಸ್ಪೀಕರೊಂದನ್ನು ತೋಳಿನ ಬುಡಕ್ಕೆ ಕಟ್ಟಿ, ತಟ್ಟೆ ಎತ್ತುವ ಮುಂಚೆ ಅದು ಕೂಗುವ ಹಾಗೆ ಮಾಡಿದಳು. ಇದಕ್ಕೆ ನುಂಗಂಬಾಕ್ಕಂನಲ್ಲಿದ್ದ ಅವಳ ಕಂಪನಿಯ ಆಫೀಸಿನ ಅನುಮತಿ ಬೇಕಿತ್ತು. ಅವಳ ಮೇಲಿನ ಅಧಿಕಾರಿ ಪ್ರವೀಣ್‌ಗೆ ಕೇಳಿದರೆ ಕಾಗದ ಓಡಾಡಿ ಹದಿನೈದು ದಿನವಾಗುತ್ತಿತ್ತು. ಅವಳು ಕೇಳಲಿಲ್ಲ.

ಗುರುವಾರ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಮಾಣಿ ಭೋಜರಾಜರ ಗಡಸು ದನಿಯಲ್ಲಿ "ಬಿಸೀ" ಎಂದಾಗಲೆಲ್ಲ ಆರು ಜನವೂ ತಿರುಗಿ ನೋಡದೆ ಸರಿದರು. ಜಯಲಕ್ಷ್ಮೀ ಬಿದ್ದುಬಿದ್ದು ನಕ್ಕಳು. ಭೋಜರಾಜ ತಮ್ಮ ದನಿಯನ್ನು ಕೇಳಿ ಮದುಮಗನ ಹಾಗೆ ನಾಚಿಕೊಂಡರು. ಮನೀಶ್ ಬಂದು ನೋಡಿ, ವೀಡಿಯೋ ತೆಗೆದು, ಸೂಪರ್ ಎಂದು ಹೇಳಿ ಹೋದ. ಪ್ರಣಮ್ಯಾಳಿಗೆ ಖುಷಿಯಾಯಿತು. ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ತಾನು ಕಂಡುಕೊಂಡೆ ಎಂಬ ಜಂಬವೂ ಸ್ವಲ್ಪ ಬಂತು. ಈ ಗಡಿಬಿಡಿಯಲ್ಲಿ ದೀಪವನ್ನು ಯಾರೂ ನೋಡುತ್ತಿರಲಿಲ್ಲ. ಅವಳೂ ನೋಡುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೊನೆಯ ಅಭ್ಯಾಸ. ಎರಡನೇ ಪೆಟ್ಟಿಗೆಯಿಂದ ತಟ್ಟೆ ಎತ್ತಿಕೊಂಡು ಭೋಜರಾಜ ಹೊರಟರು. ಅದೇ ಹೊತ್ತಿಗೆ ಒಂದನೇ ಪೆಟ್ಟಿಗೆ ತೆರೆಯಿತು. ಮಾಣಿ "ಬಿಸೀ" ಎಂದಿತು. ಭೋಜರಾಜರೂ "ಬಿಸೀ" ಎಂದರು. ಒಂದೇ ದನಿ ಎರಡು ಕಡೆಯಿಂದ ಬಂತು.

ಪ್ರಣಮ್ಯಾ ತಲೆ ಎತ್ತಿದಳು. ಇಬ್ಬರು ಒಟ್ಟಿಗೆ ಕೂಗಿದರೆ ಕಿರಿಯವನು ನಿಲ್ಲಬೇಕು, ಹಿರಿಯರು ಹೋಗಬೇಕು. ಅಡುಗೆಮನೆಯ ಆ ಕಾನೂನು ಅವಳಿಗೂ ಗೊತ್ತಿತ್ತು. ಆ ಜಾಗದಲ್ಲಿ ಭೋಜರಾಜರಿಗಿಂತ ಹಿರಿಯರು ಯಾರೂ ಇರಲಿಲ್ಲ, ಮಾಣಿಯಂತೂ ಮೊನ್ನೆ ಬಂದವನು. ಅವರು ತಟ್ಟೆಯಿಂದ ಕಣ್ಣೆತ್ತದೆ, ಒಂದು ಹೆಜ್ಜೆಯನ್ನೂ ನಿಧಾನ ಮಾಡದೆ ಗೆರೆ ದಾಟಿದರು. ಅವಳು "ಮಾಮ, ನಿಲ್ಲುಂಗೊ" ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೂಗಿ ಗುಂಡಿಯ ಕಡೆ ಓಡಿದಳು. ನಾಲ್ಕೇ ಹೆಜ್ಜೆ ದೂರ. ತೋಳು ಅವರ ಎಡಗೈಗೆ ತಾಗಿತು, ತಾಗಿದ ಕ್ಷಣವೇ ನಿಂತಿತು. ಅದು ಹಿಡಿದಿದ್ದ ತಟ್ಟೆ ಮಾತ್ರ ನಿಲ್ಲಲಿಲ್ಲ. ಕುದಿನೀರು, ಇಡ್ಲಿ, ಕಾದ ಸ್ಟೀಲು ಎಲ್ಲ ಅವರ ಮುಂಗೈ ಮೇಲೆ ಜಾರಿ ನೆಲಕ್ಕೆ ಬಿದ್ದವು.

ಅಷ್ಟಾದರೂ ಅವರು ತಮ್ಮ ತಟ್ಟೆಯನ್ನು ಕೈಬಿಡಲಿಲ್ಲ. ಅದನ್ನು ಮೇಜಿನ ಮೇಲೆ ಇಟ್ಟ ಮೇಲೆಯೇ ಕೈಯನ್ನು ಎದೆಗೆ ಹಿಡಿದುಕೊಂಡರು. ಜಯಲಕ್ಷ್ಮೀ ಸುಟ್ಟದ್ದಕ್ಕೆ ಹಚ್ಚಲು ಇಡ್ಲಿ ಹಿಟ್ಟನ್ನೇ ಬಾಚಿಕೊಂಡು ಬಂದಳು. ಪ್ರಣಮ್ಯಾ ಅವಳನ್ನು ತಡೆದು ಭೋಜರಾಜರ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಮೊಣಕೈವರೆಗೆ ಚರ್ಮ ಕೆಂಪೆದ್ದಿತ್ತು, ಒಂದು ಕಡೆ ಆಗಲೇ ಬೊಬ್ಬೆ ಏಳುತ್ತಿತ್ತು. ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಆಶ್ಚರ್ಯ ಇತ್ತು.

"ನಾನು ಕೂಗಿದ್ದೆ ಅಲ್ವಾ ಮಗಾ?" ಎಂದರು.

"ಕೂಗಿದ್ರಿ ಮಾಮ."

"ಮತ್ತೆ ಅದು ನಿಲ್ಲಿಲ್ಲ ಎಂತಕ್ಕೆ? ಬಾಯಿ ಉಂಟು ಅಂದ ಮೇಲೆ ಕಿವಿಯೂ ಉಂಟು ಅಂತ ನಾನು ಎಣಿಸಿದೆ."

ಪ್ರಣಮ್ಯಾ ಅವರ ಕೈಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಿಡಿದಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬಾಯಿ ಕೊಟ್ಟವಳು ತಾನು. ಕಿವಿ ಇಲ್ಲ ಎಂದು ಹೇಳಬೇಕೆಂದು ತನಗೆ ಹೊಳೆಯಲೇ ಇಲ್ಲ. ಇವರನ್ನು ಇವರಿಗಿಂತ ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದಳಲ್ಲ, ಆ ನಾಚಿಕೆ ಅವಳನ್ನು ಅಲ್ಲೇ ಹಿಂಡಿತು.

ಕಾರ್ಖಾನೆಯ ಜೀಪಿನಲ್ಲಿ ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮನೀಶ್ ಅವಳನ್ನು ತನ್ನ ಕೋಣೆಗೆ ಕರೆದ. ಈಗ ನಗುತ್ತಿರಲಿಲ್ಲ. ವರದಿಯಲ್ಲಿ ಅಪಘಾತದ ಕಾರಣ ಬರೆಯುವ ಜಾಗವನ್ನು ಬೆರಳಿಟ್ಟು ತೋರಿಸಿದ.

"ಕೇರ್‌ಲೆಸ್ ಅಂತ ಹಾಕಿಬಿಡಿ. ಭೋಜಣ್ಣಂಗೆ ಏಜ್ ಆಯ್ತು, ಗವನಂ, ಅದೇ ಗಮನ, ಇಲ್ಲ. ಸೆಟ್ಲ್‌ಮೆಂಟ್ ಕೊಟ್ಟು ಊರಿಗೆ ಕಳಿಸ್ತೀವಿ, ಮರ್ಯಾದೆಯಾಗೇ."

ಹೊರಗೆ ಬಂದು ಅವಳು ಪ್ರವೀಣ್‌ಗೆ ಫೋನ್ ಮಾಡಿದಳು. ಸ್ಪೀಕರಿನ ವಿಷಯ ಕೇಳಿದ ಕೂಡಲೇ ಅವನು, ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಬಾ, ವರದಿಯಲ್ಲಿ ಅದರ ಹೆಸರೇ ಬೇಡ ಎಂದ. ದೀಪ ಕೆಂಪಿತ್ತು, ಆತ ದಾಟಿದ, ಇಷ್ಟೂ ಸತ್ಯವೇ ಅಲ್ಲವೇ ಎಂದ. ಇದಕ್ಕಿಂತ ಜಾಸ್ತಿ ಬರೆದರೆ ಅವಳ ಕೆಲಸದ ಬಗ್ಗೆ ತಾನು ಏನೂ ಹೇಳಲಾರೆ ಎಂದೂ ಸೇರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅವಳಿಗೆ ಹೇಸಿಗೆ ಹುಟ್ಟಿಸಿತು.

ಅವಳು ಖಾಲಿ ಹಿಟ್ಟಿನ ಡಬ್ಬವೊಂದರ ಮೇಲೆ ಕೂತು ಟ್ಯಾಬ್ ತೆರೆದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಇಪ್ಪತ್ತೇಳು ವರ್ಷದವಳಿಗೆ ಊರೆಲ್ಲ ಕಾರ್ಖಾನೆ. ಐವತ್ತಾರರ ಭೋಜರಾಜರಿಗೆ ಸಿಗುವುದಿಲ್ಲ. ಹಾಗೆಂದುಕೊಂಡರೂ ಭಯ ಹೋಗಲಿಲ್ಲ. ಭಯದಲ್ಲೇ ಬರೆದಳು. ಅನುಮತಿ ಇಲ್ಲದೆ ಸ್ಪೀಕರ್ ಕಟ್ಟಿದ್ದು ನಾನು. ಯಂತ್ರ ಮಾತಾಡಿದ್ದರಿಂದ ಅದು ಕೇಳಿಸಿಕೊಳ್ಳುತ್ತದೆ ಎಂದು ಕೆಲಸಗಾರರು ನಂಬಿದರು. ತಪ್ಪು ತರಬೇತಿಯದು, ಕೆಲಸಗಾರನದಲ್ಲ. ಮತ್ತೊಮ್ಮೆ ತರಬೇತಿ ಕೊಟ್ಟ ಮೇಲೆಯೇ ಅವರ ಪರೀಕ್ಷೆ ಆಗಬೇಕು. ಬರೆದು, ಎರಡನೇ ಸಲ ಓದದೆ ಕಳಿಸಿಬಿಟ್ಟಳು. ಓದಿದರೆ ಒಂದೆರಡು ಸಾಲು ಅಳಿಸಿಬಿಡುತ್ತಿದ್ದಳೇನೋ.

ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡರು. ಅವಳ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಭೋಜಣ್ಣನ ಕೈ ಬೆರಳೆಲ್ಲ ಮಡಚಲಿಕ್ಕೆ ಬರ್ತದಾ ಎಂದು ಮಾತ್ರ ಎರಡು ಸಲ ಕೇಳಿದರು. ಬರ್ತದೆ ಎಂದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಬರಹದಲ್ಲಿ ಬಂದದ್ದನ್ನು ನುಂಗುವುದು ಕಂಪನಿಗಳಿಗೆ ಕಷ್ಟ. ಶನಿವಾರದ ಪರೀಕ್ಷೆ ನಿಂತಿತು, ಸೋಮವಾರ ಮಾಣಿ ಶುರುವಾಗಲಿಲ್ಲ. ಸ್ಪೀಕರ್ ಬಿಚ್ಚಿ, ತರಬೇತಿಯನ್ನು ಮೊದಲಿನಿಂದ ನಡೆಸಿದರು. ಅದು ಪ್ರವೀಣನ ಕೆಲಸವಾಯಿತು, ಪ್ರಣಮ್ಯಾಳನ್ನು ತಂಡದಲ್ಲಿ ಕೆಳಗಿಳಿಸಿ ಅವನ ಹಿಂದೆ ಕಾಗದ ಹಿಡಿದು ನಿಲ್ಲಿಸಿದರು. ಗೆರೆಯ ಒಳಗೆ ಯಾರೂ ಕೂಗಬಾರದು, ನಿಂತು ದೀಪ ನೋಡಬೇಕು ಎಂಬುದು ಹೊಸ ನಿಯಮ. ಭೋಜರಾಜ ಮೂರು ವಾರದ ಮೇಲೆ ಬಂದರು. ಮುಂಗೈ ಮೇಲೆ ಬೆಳ್ಳಗಿನ ಕಲೆ, ಬೆರಳೆಲ್ಲ ಸರಿ. ತರಬೇತಿಯ ಕೊನೆಯ ಐದು ದಿನ ಎಲ್ಲರ ಜೊತೆ ಕಲಿತರು. ಆ ಐದು ದಿನದಲ್ಲಿ ಒಂಬತ್ತು ಸಲ ಮರೆತು ಕೂಗಿದ್ದನ್ನು ಪ್ರಣಮ್ಯಾಳೇ ಬರೆದುಕೊಂಡಿದ್ದಳು.

ಪರೀಕ್ಷೆಯ ದಿನ ಮನೀಶ್ ಕೈಕಟ್ಟಿ ನಿಂತಿದ್ದ. ಉಳಿದ ಐವರೂ ಪಾಸಾಗಿದ್ದರು. ಒಂದು ಸಲ ಕೂಗಿ ದಾಟಿದರೂ ಭೋಜರಾಜರ ಕಥೆ ಮುಗಿಯಿತು, ಈ ಸಲ ಬರೆದು ಉಳಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವರು ತಟ್ಟೆ ಎತ್ತಿದರು. ಗೆರೆಯ ಹತ್ತಿರ ಬಂದರು. ಬಾಯಿ ತೆರೆಯಿತು.

ದನಿ ಬರಲಿಲ್ಲ. ಭೋಜರಾಜ ಬಾಯಿ ಮುಚ್ಚಿ, ಗೆರೆಯ ಹೊರಗೆ ಕಾಲು ಜೋಡಿಸಿ ನಿಂತರು. ಆಮೇಲೆ ಹಬೆಯಾಡುವ ತಟ್ಟೆಯಿಂದ ಕಣ್ಣನ್ನು ಕಿತ್ತು, ಮೇಲೆತ್ತಿ ದೀಪವನ್ನು ನೋಡಿದರು. ದೀಪ ಕೆಂಪಾಗಿತ್ತು. ತೋಳು ಸುಮ್ಮನೆ ಬಂದು, ಸುಮ್ಮನೆ ತಟ್ಟೆ ಇಟ್ಟು ಹೋಯಿತು. ಅವರ ಹಣೆಯಿಂದ ಬೆವರು ಇಳಿಯಿತು, ಕೈ ಖಾಲಿಯಿಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ. ಹಸಿರು ಬಂದ ಮೇಲೂ ಒಂದು ಗಳಿಗೆ ನೋಡಿ, ಆಮೇಲೆ ದಾಟಿದರು. ಹೀಗೆ ಇಪ್ಪತ್ತು ಸಲ. ಇಪ್ಪತ್ತನೆಯದಾದ ಮೇಲೆ ಪ್ರವೀಣ್ ಕಾಗದಕ್ಕೆ ಸಹಿ ಹಾಕಿದ. ಮನೀಶ್ ತನ್ನ ಕೋಣೆಗೆ ಹೋದ.

ಪ್ರಣಮ್ಯಾ ಗೆರೆಯಿಂದ ದೂರ, ಎರಡನೇ ಪೆಟ್ಟಿಗೆಯ ದಾರಿಯಲ್ಲಿ, ಬೆನ್ನು ಹಾಕಿ ನಿಂತು ಕಾಗದಗಳನ್ನು ಜೋಡಿಸುತ್ತಿದ್ದಳು. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಇಡ್ಲಿ ತಟ್ಟೆಯ ಹಬೆಯ ಜೊತೆ ಹಿಂದಿನಿಂದ ಹೆಜ್ಜೆ ಸಪ್ಪಳ ಹತ್ತಿರ ಬಂತು.

"ಬಿಸಿ, ಮಗಾ," ಎಂದರು ಭೋಜರಾಜ, ಅವಳಿಗೊಬ್ಬಳಿಗೇ ಕೇಳುವಷ್ಟು.

ಅವಳು ತಿರುಗಿ ನೋಡದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.